ಸತ್ತ ಮರಿ ತಿಪ್ಪಿಗೆ ಒಗಿಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ

ಅಕ್ಕಾರ, ತಂಗ್ಯಾರ, ಹೋದ ಸಲ ಹುರಕ್ಕಿ ಹೋಳಿಗಿ ಬಗ್ಗೆ ಬರದಿದ್ನಿ. ಈ ಸಲ ಕೋಳಿ ಹಿಕ್ಕಿ ಬಗ್ಗೆ ಬರಿಯಾಕತ್ತೇನಿ. ಮೂಗ ಮುಚ್ಚಕೋಬ್ಯಾಡ್ರಿ. ಮರಿ ಬದುಕತೈತೋ ಸಾಯತೈತೋ ಅನ್ನೂದು ಮೊದಲ ಅದರ ಹಿಕ್ಕ್ಯಾಗ ಕಾಣತೈತಿ.

ನಮ್ಮ ಕೊಣ್ಣೂರಾಗ ಮೋಟಾರ್ ಸೈಕಲ್ ಹಿಂದ ಬುಟ್ಟಿ ಕಟಗೊಂಡು ಮರಿ ಮಾರಾವ್ರು ಓಣಿ ಓಣಿ ಬರತಾರ. ಹೋದ ಮಳಿಗಾಲದಾಗ ನಾ 20 ಮರಿ ತಗೊಂಡ್ನಿ. ಮೂರ ವಾರದ್ದು ಅಂದಾ. ಲಸಿಕಿ ಹಾಕಿಸಿ ಏನಪಾ ಅಂತ ಕೇಳಲಿಲ್ಲ, ರೇಟ್ ಅಷ್ಟ ಕೇಳಿದ್ನಿ. ಹಿತ್ತಲದಾಗ ಹಳೇ ಗೋಣಿಚೀಲ ಹಾಸಿ ಬಿಟ್ನಿ. ಜಡಿಮಳಿ ಹಿಡದಿತ್ತು, ಚೀಲ ಒಣಗಲೇ ಇಲ್ಲ. ಮರಿ ನೀರಿನ ತಾಟಿನ್ಯಾಗ ಕಾಲಿಟ್ಟು ಅದರಾಗ ಹಿಕ್ಕಿ ಹಾಕತಿದ್ದು, ಅದನ್ನ ಕುಡೀತಿದ್ದು. ನೋಡಿದ್ನಿ, ಸುಮ್ಮನಿದ್ನಿ.

ಹತ್ತನೇ ದಿನ ಬಾಜೂಮನಿ ವೈನಿ ಮೊಸರಿನ ಹೆಪ್ಪ ಕೇಳಾಕ ಬಂದಿದ್ಲು. "ಎಷ್ಟ ಚಂದ ಅದಾವ ನಿಮ್ಮ ಮರಿ" ಅಂದ್ಲು. ಮರುದಿನ ನಾಕು ಮರಿ ರೆಕ್ಕಿ ಇಳಿಬಿಟಗೊಂಡು, ಕಣ್ಣ ಮುಚ್ಚಿ, ಮೂಲ್ಯಾಗ ನಿಂತಿದ್ದು. ಹಿಕ್ಕ್ಯಾಗ ರಕ್ತ. ಸಂಜೀಕ ಮೂರು ಸತ್ತು. ವೈನಿ ದೃಷ್ಟಿ ತಾಗೇತಿ ಅಂತ ನಾ ಕಟ್ಟಿ ಮ್ಯಾಲ ನಿಂತು ಜೋರಾಗಿ ಅಂದ್ನಿ, ಅಕಿಗೆ ಕೇಳೂಹಂಗ. ಆಮ್ಯಾಲ ಮನ್ಯಾಗಿದ್ದ ನಮ್ಮ ಭೇದಿ ಗುಳಿಗಿ ಅರದು ನೀರಾಗ ಕಲಸಿ ಕುಡಿಸಿದ್ನಿ. ಮೂರು ದಿನದಾಗ ಇನ್ನೂ ಆರು ಹೋದು.

ಆವಾಗ ನಮ್ಮ ಹುಡುಗ, "ಅವ್ವಾ, ಎಮ್ಮಿಗೆ ಜ್ವರ ಬಂದ್ರ ಡಾಕ್ಟರನ್ನ ಕರಸ್ತಿ, ಇದಕ್ಯಾಕ ಇಲ್ಲ?" ಅಂದ. ಸತ್ತ ಮರಿ ಪ್ಲಾಸ್ಟಿಕ್ ಚೀಲದಾಗ ಹಾಕ್ಕೊಂಡು ಪಶು ಆಸ್ಪತ್ರಿಗೆ ಹೋದ್ನಿ. ನಾಚಿಕಿ ಬಂತು. ಆದ್ರ ಡಾಕ್ಟರು ನಗಲಿಲ್ಲ. ಕೊಯ್ದು ತೋರಿಸಿದ್ರು. ಕರಳಿನ ಕಡಿಗೆ ಎರಡು ಮೂಕ ಚೀಲ ಇರತಾವ, ಎರಡೂ ಕರಿ ರಕ್ತ ತುಂಬಿ ಉಬ್ಬಿದ್ದು. "ಇದು ರಕ್ತಭೇದಿ, ಕಾಕ್ಸಿಡಿಯೋಸಿಸ್. ಹಸಿ ಹಾಸಿಗಿ ರೋಗ" ಅಂದ್ರು. ಕಣ್ಣಿಗೆ ಕಾಣದ ಹುಳ ಕರಳಾಗ ಬೆಳದು ಹಿಕ್ಕ್ಯಾಗ ತತ್ತಿಯಂಥಾ ಬೀಜ ಬಿಡತಾವ. ಹಸಿ, ಬೆಚ್ಚಗಿನ ಜಾಗಾದಾಗ ಒಂದೆರಡು ದಿನದಾಗ ಅವು ರೋಗ ಹಚ್ಚೂಹಂಗ ಬಲೀತಾವ. ಮರಿ ಅದನ್ನ ಕೊಕ್ಕಿಲೆ ಹೆಕ್ಕಿ ತಿಂತಾವ. ಮೂರರಿಂದ ಆರು ವಾರದ ಮರಿಗೆ ಇದು ಜಾಸ್ತಿ.

ಆಂಪ್ರೋಲಿಯಂ ಅನ್ನೂ ಪುಡಿ ಬರದುಕೊಟ್ರು. ಅವರು ಹೇಳಿದ ಅಳತಿ ಪ್ರಕಾರ ನೀರಾಗ ಕಲಸಿ ಐದು ದಿನ, ಬ್ಯಾರೆ ನೀರು ಇಡಬಾರದು. ಆ ಐದು ದಿನ ಬಿ-ಕಾಂಪ್ಲೆಕ್ಸ್ ಟಾನಿಕ್ಕೂ ಬ್ಯಾಡ ಅಂದ್ರು. ಯಾಕಂದ್ರ ಈ ಔಷಧ ಬಿ-1 ಸಿಗದಂಗ ಮಾಡೇ ಆ ಹುಳ ಕೊಲ್ಲತೈತಿ, ಟಾನಿಕ್ ಕೊಟ್ರ ಹುಳಕ್ಕ ಊಟ ಹಾಕಿದಂಗ. ಚೀಲ ಸುಟ್ಟು, ಒಣಾ ಶೇಂಗಾ ಸಿಪ್ಪಿ ಹಾಸಿ, ನೀರಿನ ತಾಟು ಇಟ್ಟಿಗಿ ಮ್ಯಾಲ ಇಟ್ನಿ. ಫಿನಾಯಿಲ್‌ಗೆ ಆ ಬೀಜ ಸಾಯಂಗಿಲ್ಲಂತ, ಕುದಿಯೂ ನೀರು ಬೇಕು, ಬಿಸಲು ಬೇಕು. ಉಳದ 11ರಾಗ ಒಂದು ಹೋತು, 10 ಬದುಕಿದು.

ಅವತ್ತಿಂದ ನಾ ಹೇಳೂದಿಷ್ಟ: ಭೇದಿ ಅಂದ್ರ ಒಂದ ರೋಗ ಅಲ್ಲ. ನೋಡಿ ತಿಳಕೋರಿ.

ಒಂದ ದಿನದ್ದು, ಎರಡ ದಿನದ್ದು ಮರಿ ತಂದಾಗ ಹಿಂದ ಹಿಕ್ಕಿ ಮೆತ್ತಿ ಗಟ್ಟಿ ಆಗಿದ್ರ ಅದು ಬಹಳ ಮಾಡಿ ಥಂಡಿ, ಇಲ್ಲಾ ದಾರಿ ದಣಿವು. ಜಗ್ಗಿ ಕೀಳಬ್ಯಾಡ್ರಿ, ತೊಗಲು ಹರೀತೈತಿ. ಉಗುರುಬೆಚ್ಚಗಿನ ನೀರಾಗ ಹತ್ತಿ ಅದ್ದಿ ನೆನಸಿ ವರಸ್ರಿ, ಒಣಗಸ್ರಿ. ಮೊದಲನೇ ವಾರ 35 ಡಿಗ್ರಿ ಕಾವು ಬೇಕು. ಮೀಟರ್ ಬ್ಯಾಡ, ಮರೀನ ಹೇಳತಾವ: ಬಲ್ಬಿನ ಕೆಳಗ ಒಂದರ ಮ್ಯಾಲ ಒಂದು ಬಿದ್ರ ಥಂಡಿ, ದೂರ ಹೋಗಿ ಬಾಯಿ ತಗದ್ರ ಸೆಕಿ. ತಂದ ಕೂಡ್ಲೆ ಮೊದಲು ಆರಿಸಿದ ಕುದಿಸಿದ ನೀರಾಗ ಚೂರು ಬೆಲ್ಲ, ಆಮ್ಯಾಲ ಕಾಳು.

ಮೊದಲಿನ ಎರಡ್ಮೂರು ವಾರದಾಗ ಸುಣ್ಣದಂಥಾ ಬಿಳೀ ಭೇದಿ ಆಗಿ ಸಾಲಾಗಿ ಸತ್ರ ಅದು ತಾಯಿ ತತ್ತಿಯಿಂದ ಬಂದ ಬಿಳಿಭೇದಿ ಇರಬೌದು. ಅದಕ್ಕ ಡಾಕ್ಟರು ಹೇಳಿದ್ದ ಔಷಧನ ಬೇಕು. ಬದುಕಿದ್ದನ್ನ ಕಾವಿಗೆ ಕುಂಡ್ರಿಸಬ್ಯಾಡ್ರಿ, ರೋಗ ಒಳಗ ಉಳಿದಿರತೈತಿ.

ಹಸರು ಭೇದಿ, ಉಸರಾಟದ ತ್ರಾಸು, ಕುತ್ತಿಗಿ ತಿರುಚೂದು ಕೂಡಿ ಬಂದ್ರ ಕೊಕ್ಕರೆ ರೋಗ. ಅದಕ್ಕ ಔಷಧ ಇಲ್ಲ, ಲಸಿಕಿ ಅಷ್ಟ. ಐದರಿಂದ ಏಳನೇ ದಿನದಾಗ ಕಣ್ಣಿಗೋ ಮೂಗಿಗೋ ಒಂದ ಹನಿ, ಆಮ್ಯಾಲ ಮತ್ತ ಹಾಕಸೂದು.

ಎಷ್ಟೋ ಮಂದಿ ಅಂತಾರ, ಮರೀಗಿಂತ ಬಸ್ ಚಾರ್ಜ ಜಾಸ್ತಿ, ಯಾಕ ಹೋಗಬೇಕು? ನಾ ಒಪ್ಪಂಗಿಲ್ಲ. ಕಬ್ಬಿನ ಬಿಲ್ ಯಾರ ಕೈಗೆ ಬರತೈತಿ ನಿಮಗ ಗೊತ್ತೈತಿ. ತತ್ತಿ ರೊಕ್ಕ ನಮ್ಮ ಕೈಗೆ ಬರತೈತಿ, ಮೊಮ್ಮಕ್ಕಳ ಕೈಯಾಗ ಇಡೂದು ಅದ, ಯಾರಿಗೂ ಕೇಳದ ಔಷಧ ತರೂದೂ ಅದ. ನಮ್ಮ ರೊಕ್ಕದ ಜೀವಕ್ಕ ನಾವ ಬೆಲೆ ಕೊಡದಿದ್ರ ಮತ್ಯಾರು ಕೊಡತಾರ? ಹೋಗಾಕ ಆಗದಿದ್ರ 1962ಕ್ಕ ಫೋನ್ ಹಚ್ಚಿ ಕೇಳ್ರಿ. ಒಂದ ಮರಿ ಸತ್ತಾಗ ತೋರಿಸಿದ್ರ ಉಳದದ್ದು ಉಳೀತಾವ. ನಾ ಒಂಬತ್ತು ಸತ್ತ ಮ್ಯಾಲ ಹೋದ್ನಿ.

ದೃಷ್ಟಿ ತಗೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕಿಂತ ಮೊದಲು ಹಾಸಿಗಿ ಮುಟ್ಟಿ ನೋಡ್ರಿ, ಹಸಿ ಐತೇನು?

ವೈನಿ ಮನಿಗೆ ನಾನ ಹೋದ್ನಿ. ಚೀಲದ ಸಂಗತಿ ಹೇಳಿ, ನಂದ ತಪ್ಪಾತು ಅಂದ್ನಿ. ಅಕಿ ಬಹಳೊತ್ತು ಮಾತಾಡಲಿಲ್ಲ. ಆಮ್ಯಾಲ, "ನಾ ಎರಡು ತಿಂಗಳು ನಿಮ್ಮ ಹಿತ್ತಲಕಡೆ ನೋಡೇ ಇಲ್ಲ, ನೋಡಿದ್ರ ಮತ್ತ ಏನಂತೀರೋ ಅಂತ" ಅಂದ್ಲು. ಆ ಮಾತು ನನಗ ಮರಿ ಸತ್ತದ್ದಕ್ಕಿಂತ ಹೆಚ್ಚ ನೋಯಿಸ್ತು. ಮೊದಲ ತತ್ತಿ ಇಟ್ಟ ಹೇಂಟಿ ಈಗ ಅಕಿ ಹಿತ್ತಲದಾಗ ಐತಿ.