ನನಗ ಆ ಅಳಬುರಕೀನ ಸೇರ್ತಾಳ

‘ಇನ್‌ಸೈಡ್ ಔಟ್’ ಕಾರ್ಟೂನ್ ಸಿನಿಮಾದಾಗ ಯಾರು ಸೇರ್ತಾರ ಅಂದ್ರ ಓಣಿ ಹುಡುಗ್ರೆಲ್ಲಾ ಜಾಯ್ ಅಂತಾವ. ನೀವೂ ಹಂಗ ಅಂತೀರಿ, ವೈನಿ. ನಾ ಒಪ್ಪಂಗಿಲ್ಲ. ನನಗ ಸ್ಯಾಡ್‌ನೆಸ್‌ನ ಸೇರ್ತಾಳ: ನೀಲಿ ಮೈ, ದುಂಡನ ಚಷ್ಮಾ, ದಪ್ಪ ಸ್ವೆಟರ್.

ನೋಡದವ್ರಿಗೆ ಹೇಳ್ತೀನಿ. 2015ರ ಪಿಕ್ಸಾರ್ ಸಿನಿಮಾ. 11 ವರ್ಷದ ರೈಲಿ ಮಿನೆಸೋಟಾ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಕ್ಕ ಬರ್ತಾಳ. ಆಕಿ ತಲಿಯೊಳಗಿನ ಸಂತೋಷ, ದುಃಖ, ಸಿಟ್ಟು, ಅಂಜಿಕಿ, ಹೇಸಿಗಿ ಇವ ಪಾತ್ರಗಳು. ಅಲ್ಲಿ ಜಾಯ್ ಏನ್ ಮಾಡ್ತಾಳ? ನೆಲದ ಮ್ಯಾಲೆ ಖಡುವಿನಿಂದ ದುಂಡಗ ಗೆರಿ ಹೊಡದು, ಇದರಾಗ ನಿಂತ್ಕೊ, ಹೊರಗ ಬರಬ್ಯಾಡ ಅಂತ ಸ್ಯಾಡ್‌ನೆಸ್‌ಗೆ ಹೇಳ್ತಾಳ. ರೈಲಿ ತಾಯೀನೂ ಅಷ್ಟ. ಅಪ್ಪಗ ಚಿಂತಿ ಅದ, ನಾವಿಬ್ರೂ ನಕ್ಕೋತ ಇರೋಣು ಅಂತಾಳ.

ನಮ್ಮ ಮನ್ಯಾಗೂ ಆ ಗೆರಿ ಅದ. ತವರು ಬಿಟ್ಟು ಬಂದ ಸೊಸಿ ಕಣ್ಣೊರಸಿಕೊಂಡ್ರ ‘ನಿನಗೇನ್ ಕಡಿಮಿ ಆಗೇದ?’ ಅಂತೀವಿ. ದೀಪ ಹಚ್ಚೋ ಹೊತ್ತಿನ್ಯಾಗಂತೂ ಅಳಬಾರದು. ಹಂಗಾರ ಯಾವಾಗ ಅಳಬೇಕ್ರಿ, ಉಳ್ಳಾಗಡ್ಡಿ ಹೆಚ್ಚೂವಾಗಷ್ಟ?

ಬಿಂಗ್ ಬಾಂಗ್ ಅಂತ ಆನಿ ಸೊಂಡಿಯ ಪಾತ್ರ. ತನ್ನ ಪ್ರೀತಿಯ ಗಾಡಿ ಕಳಕೊಂಡು ಕೂತಾಗ ಜಾಯ್ ಕಚಗುಳಿ ಇಡ್ತಾಳ, ಮಂಗ್ಯಾನ ಮಾರಿ ಮಾಡ್ತಾಳ. ಏನೂ ಉಪಯೋಗಿಲ್ಲ. ಸ್ಯಾಡ್‌ನೆಸ್ ಸುಮ್ಮನ ಬಾಜೂಕ ಕೂತು, ಕಳಕೊಂಡಿದ್ದರ ಮಾತೇ ತಗೀತಾಳ. ಅವ ಅಳತಾನ (ಕಣ್ಣೀರು ಮಿಠಾಯಿ ಆಗಿ ಉದುರ್ತಾವ, ಅದು ಬ್ಯಾರೆ), ಆಮ್ಯಾಲೆ ತಾನ ಎದ್ದು ದಾರಿ ತೋರಸ್ತಾನ.

ಕಡೀಕ ರೈಲೀನೂ ಅಪ್ಪ ಅವ್ವನ ಮುಂದ ಊರು ನೆನಪಾಗತದ ಅಂತ ಅತ್ತ ಮ್ಯಾಲೇ ಅವರಿಗೆ ತಿಳೀತದ. ಆವಾಗ ಜಾಯ್‌ನ ಹಿಂದ ಸರದು ಸ್ಯಾಡ್‌ನೆಸ್‌ಗೆ ಜಾಗಾ ಬಿಡ್ತಾಳ. ಜಾಯ್‌ಗೇ ಸರಿಲಿಕ್ಕೆ ಬಂತು, ನಮಗ್ಯಾಕ ಬರವಲ್ದು?