ಆಟದ ಅವಧಿಯನ್ನು ಕಸಿದವರು ಯಾರು?

ವಿದ್ಯೆಯು ಬುದ್ಧಿಗೆ ಮಾತ್ರ ಸಂಬಂಧಿಸಿದ್ದು, ದೇಹಕ್ಕೂ ಅದಕ್ಕೂ ಯಾವ ನಂಟೂ ಇಲ್ಲ ಎಂಬ ಭ್ರಮೆ ನಮ್ಮ ಸಮಾಜದಲ್ಲಿ ವರ್ಷದಿಂದ ವರ್ಷಕ್ಕೆ ಬಲಿಯುತ್ತಲಿದೆ. ಮಗುವಿಗೆ ತಲೆಯೊಂದಿದ್ದರೆ ಸಾಕು, ಉಳಿದ ಅಂಗಗಳೆಲ್ಲ ಆ ತಲೆಯನ್ನು ಶಾಲೆಗೆ ಹೊತ್ತೊಯ್ಯಲು ಮಾತ್ರ ಇವೆ ಎಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನ ಊರಿನ ವೃತ್ತಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರಗಳು ರಾರಾಜಿಸುತ್ತವೆ. ಸಂತೋಷ. ಆದರೆ ಆ ಮಕ್ಕಳಲ್ಲಿ ಎಷ್ಟು ಮಂದಿ ಅರ್ಧ ಮೈಲಿ ದೂರವನ್ನು ನಿಲ್ಲದೆ ಓಡಬಲ್ಲರು, ಎಷ್ಟು ಮಂದಿಯ ಮೈಯಲ್ಲಿ ಇರಬೇಕಾದಷ್ಟು ರಕ್ತವಿದೆ ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಕೇಳಿಲ್ಲ. ಕೇಳದಿರುವುದು ಅಜ್ಞಾನದಿಂದಲ್ಲ, ಅಲಕ್ಷ್ಯದಿಂದ ಎಂಬುದೇ ಈ ಲೇಖನದ ಆಕ್ಷೇಪ.

ವಾಚಕ ಮಹಾಶಯರೇ, ತಮ್ಮ ಊರಿನ ಯಾವುದಾದರೊಂದು ಪ್ರೌಢಶಾಲೆಗೆ ಹೋಗಿ ಅಲ್ಲಿನ ಗೋಡೆಯ ಮೇಲಿರುವ ವೇಳಾಪಟ್ಟಿಯನ್ನು ನೋಡಿರಿ. ದೈಹಿಕ ಶಿಕ್ಷಣವೆಂಬ ಅವಧಿ ಅದರಲ್ಲಿ ಅಂದವಾಗಿ ಬರೆಯಲ್ಪಟ್ಟಿರುತ್ತದೆ. ಅದೇ ಅವಧಿಯಲ್ಲಿ ಮೈದಾನಕ್ಕೆ ಹೋಗಿ ನೋಡಿರಿ. ಎಷ್ಟೋ ಕಡೆ ಅಲ್ಲಿ ಮಕ್ಕಳಿರುವುದಿಲ್ಲ. ಅವರು ಕೊಠಡಿಯೊಳಗೆ ಗಣಿತದ ಬಾಕಿ ಪಾಠವನ್ನು ಕೇಳುತ್ತಿರುತ್ತಾರೆ. ಡ್ರಿಲ್ ಮಾಸ್ತರರು ಕಚೇರಿಯಲ್ಲಿ ಯಾವುದೋ ಪಟ್ಟಿ ತಯಾರಿಸುತ್ತಲೋ ಸಮಾರಂಭದ ವೇದಿಕೆ ಕಟ್ಟಿಸುತ್ತಲೋ ಇರುತ್ತಾರೆ. ಪರೀಕ್ಷೆ ಸಮೀಪಿಸಿತೆಂದರೆ ಹತ್ತನೆಯ ತರಗತಿಯವರಿಗೆ ಆಟವೆಂಬ ಶಬ್ದವೇ ನಿಷಿದ್ಧ. ಮಕ್ಕಳಿಗೆ ಸತ್ಯವನ್ನು ಬೋಧಿಸಬೇಕಾದ ಸಂಸ್ಥೆಯ ಗೋಡೆಯ ಮೇಲೆಯೇ ಹೀಗೆ ಒಂದು ಸುಳ್ಳು ವರ್ಷವಿಡೀ ತೂಗುತ್ತಿರುತ್ತದೆ.

ಇದು ಕಾನೂನಿಲ್ಲದ್ದರ ಫಲವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನವಿರಬೇಕೆಂದೂ, ಅಗತ್ಯಕ್ಕನುಗುಣವಾಗಿ ಆಟದ ಸಾಮಗ್ರಿ ಒದಗಿಸಬೇಕೆಂದೂ ಸ್ಪಷ್ಟವಾಗಿ ಹೇಳಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ವಾರಕ್ಕೆ ಇದು 420 ನಿಮಿಷವಾಯಿತು. ವಾರಕ್ಕೆ 40 ನಿಮಿಷದ ಎರಡು ಅವಧಿಗಳು ಪ್ರಾಮಾಣಿಕವಾಗಿ ನಡೆದವೆಂದೇ ಇಟ್ಟುಕೊಂಡರೂ ದೊರೆಯುವುದು 80 ನಿಮಿಷ. ಆ ಎಂಬತ್ತನ್ನೂ ಕಸಿದುಕೊಂಡರೆ ಮಗುವಿನ ಪಾಲಿಗೆ ಉಳಿಯುವುದೇನು?

ಅನ್ನದ ವಿಷಯದಲ್ಲಿ ನಾವು ಇಷ್ಟು ಹಿಂದುಳಿದಿಲ್ಲ ಎಂಬುದನ್ನು ಒಪ್ಪಬೇಕು. ನೆರೆಯ ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲಿಯೇ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಾಂದಿ ಹಾಡಿದರು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ಅದನ್ನು ಬಹುವಾಗಿ ವಿಸ್ತರಿಸಿದರು. ಶಾಲೆಯಲ್ಲಿ ಬೇಯಿಸಿದ ಅನ್ನವನ್ನೇ ಬಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆಜ್ಞಾಪಿಸಿದ ಮೇಲೆ, 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಗಿ ಅನಂತರ ನಾಡಿಗೆಲ್ಲ ಹಬ್ಬಿತು. ಸರ್ಕಾರ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಾಗ ಮಠಗಳ ಪಂಕ್ತಿಯಲ್ಲಿ ಬೆಳೆದ ಒಂದು ಶಬ್ದ ಸರ್ಕಾರದ ಕಡತವನ್ನು ಸೇರಿತು. ಕಿರಿಯ ಪ್ರಾಥಮಿಕದ ಮಗುವಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನು ದೊರೆಯಬೇಕೆಂಬ ಅಳತೆಯೂ ನಿಗದಿಯಾಗಿದೆ. 2013ರಲ್ಲಿ ಕ್ಷೀರಭಾಗ್ಯ ಬಂದಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಅದನ್ನು ಒಲ್ಲದವರಿಗೆ ಬಾಳೆಹಣ್ಣು ಕೊಡಲು ತೊಡಗಿದಾಗ ಎಂಥ ವಾಗ್ವಾದ ನಡೆಯಿತೆಂಬುದನ್ನು ತಾವೆಲ್ಲ ಬಲ್ಲಿರಿ. ಆ ವಾದವನ್ನು ಇಲ್ಲಿ ಮತ್ತೆ ಹೂಡುವ ಉದ್ದೇಶವಿಲ್ಲ. ತಟ್ಟೆಯ ಮೇಲೆ ಏನಿರಬೇಕೆಂದು ಅಷ್ಟು ಆವೇಶದಿಂದ ಚರ್ಚಿಸಿದ ನಾವು, ತಟ್ಟೆ ತೊಳೆದಿಟ್ಟ ಮಗು ಮೈದಾನಕ್ಕೆ ಹೋಯಿತೇ ಎಂದು ಒಂದು ಮಾತನ್ನೂ ಕೇಳಲಿಲ್ಲವಲ್ಲ ಎಂಬುದಷ್ಟೇ ನಮ್ಮ ವ್ಯಥೆ.

ಅನ್ನವೂ ಆಟವೂ ಒಂದೇ ನೇಗಿಲಿನ ಎರಡು ಎತ್ತುಗಳು. ಒಂದನ್ನು ಬಿಚ್ಚಿಟ್ಟರೆ ಇನ್ನೊಂದು ಸಾಲು ಹೂಡಲಾರದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಆದರೆ ಅದು ಎಲುಬಿನಲ್ಲಿ ಚೆನ್ನಾಗಿ ನೆಲೆಗೊಳ್ಳಬೇಕಾದರೆ ಮಗು ಬಿಸಿಲಿನಲ್ಲಿ ಓಡಬೇಕು, ಜಿಗಿಯಬೇಕು. ಬಿಸಿಲು ಸೋಂಕಿದ ಚರ್ಮವು ಡಿ ಜೀವಸತ್ವವನ್ನು ಉಂಟುಮಾಡಿ ಸುಣ್ಣದಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಮೈಭಾರವನ್ನು ಹೊತ್ತು ದುಡಿದ ಎಲುಬು ಗಟ್ಟಿಯಾಗುತ್ತದೆ. ಉಂಡು ಕುಳಿತ ಮಗು ಬೊಜ್ಜು ಬೆಳೆಸುತ್ತದೆ. ಉಣ್ಣದೆ ಓಡಿದ ಮಗು ಬವಳಿ ಬಂದು ಬೀಳುತ್ತದೆ. 2016-18ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 40 ಮಂದಿಗೆ, ಹುಡುಗರಲ್ಲಿ 18 ಮಂದಿಗೆ ರಕ್ತಹೀನತೆ ಇತ್ತು. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿಯೆಂದು ಗದರುವ ಮುನ್ನ ಅವಳು ಬೆಳಿಗ್ಗೆ ಏನು ತಿಂದು ಬಂದಳೆಂದು ಕೇಳಿದ ಉಪಾಧ್ಯಾಯರು ಎಷ್ಟು ಮಂದಿ? ಒಂದು ಲೋಟ ಚಹಾ ಕುಡಿದು ಬಂದವಳು ಅವಳು. ಊಟದ ಜೊತೆಗೆ ಕುಡಿದ ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ಹೋಳು ನಿಂಬೆ, ಒಂದು ನೆಲ್ಲಿಕಾಯಿ ಅದೇ ಅಂಶವನ್ನು ಮೈಗೆ ಹತ್ತಿಸುತ್ತದೆ. ಈ ತಿಳಿವಳಿಕೆಗೆ ಕಾಸು ಖರ್ಚಾಗುವುದಿಲ್ಲ.

ಖರ್ಚಾಗುತ್ತಿರುವುದು ಬೇರೆಯದಕ್ಕೆ. ಶಾಲೆಯ ಬಾಗಿಲಿನ ಪಕ್ಕದ ಅಂಗಡಿಯಲ್ಲಿ ತೂಗುವ ಬಣ್ಣಬಣ್ಣದ ಪೊಟ್ಟಣಗಳನ್ನು ನೋಡಿರಿ. ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸುಗಳನ್ನು ಶಾಲೆಯೊಳಗೂ ಶಾಲೆಯ ಬಾಗಿಲಿನಿಂದ 50 ಮೀಟರ್ ಒಳಗೂ ಮಾರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿಯೇ ನಿಯಮ ಮಾಡಿದೆ. ಅದನ್ನು ಅಳೆದು ನೋಡಿದವರು ಎಲ್ಲಿದ್ದಾರೆ? ಖಾಸಗಿ ಶಾಲೆಗೆ ಹೋಗುವ ಮಗುವಿನ ಡಬ್ಬಿಯಲ್ಲಿ ರೊಟ್ಟಿ, ಕಾಳುಪಲ್ಯಗಳಿದ್ದರೆ ಅದು ಬಡತನದ ಕುರುಹೆಂದು ನಾಚುವ ತಾಯಿತಂದೆಗಳು ನಮ್ಮ ನಡುವೆಯೇ ಇದ್ದಾರೆ. ಜೋಳದ ರೊಟ್ಟಿ ಉಂಡು ಬೆಳೆದ ನಾಡು ತನ್ನ ರೊಟ್ಟಿಗೆ ನಾಚಿದರೆ ಅದಕ್ಕಿಂತ ಮಿಗಿಲಾದ ದಾರಿದ್ರ್ಯ ಇನ್ನಾವುದು?

ಈಗ ಪ್ರತಿವಾದಿಗಳ ಮಾತನ್ನು ಕೇಳೋಣ. ಆಟಕ್ಕೆ ಬಿಟ್ಟರೆ ಅಂಕ ಕಡಿಮೆಯಾಗುತ್ತದೆಂಬುದು ಮೊದಲನೆಯ ಆಕ್ಷೇಪ. ಇದು ನಿರಾಧಾರ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2010ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ದೈಹಿಕ ಶಿಕ್ಷಣಕ್ಕೆ ಸಮಯ ಹೆಚ್ಚಿಸಿದ್ದರಿಂದ ಕಲಿಕೆಗೆ ಹಾನಿಯಾಗುವುದಿಲ್ಲ, ಅನೇಕ ಸಂದರ್ಭಗಳಲ್ಲಿ ಅನುಕೂಲವೇ ಆಗುತ್ತದೆ ಎಂದು ಕಂಡುಕೊಂಡಿತು. ಹಳ್ಳಿಯ ಮಕ್ಕಳಿಗೆ ವ್ಯಾಯಾಮವೇಕೆ, ಅವರು ಹೊಲದಲ್ಲಿ ದುಡಿಯುತ್ತಾರಲ್ಲ ಎಂಬುದು ಎರಡನೆಯ ಮಾತು. ಅದು ಹಿಂದಿನ ಕಥೆ. ಇಂದಿನ ಹಳ್ಳಿಯ ಹುಡುಗ ಶಾಲೆಗೆ ವಾಹನದಲ್ಲಿ ಹೋಗುತ್ತಾನೆ, ಮನೆಗೆ ಬಂದು ಮೊಬೈಲಿನ ಮುಂದೆ ಕೂರುತ್ತಾನೆ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳು ಅವನಿಗೆ ಪಾಠದೊಳಗಿನ ಶಬ್ದಗಳಾಗಿವೆ. ಹುಡುಗಿಯರಿಗೆ ಆಟವೇಕೆಂಬುದು ಮೂರನೆಯ ಮಾತು. ಸ್ತ್ರೀಯನ್ನು ಸಮಾನಳೆಂದು ಸಾರಿದ ಪರಂಪರೆಗೆ ಸೇರಿದವರ ಬಾಯಲ್ಲಿ ಈ ಮಾತು ಬರಕೂಡದು. ಮೈದಾನವೇ ಇಲ್ಲವೆಂಬುದು ನಾಲ್ಕನೆಯದು. ಇದಕ್ಕೆ ಉತ್ತರ ತುಸು ಕಟುವಾಗಿದೆ. ಅನೇಕ ಶಾಲೆಗಳಿಗೆ ಮೈದಾನವಿತ್ತು. ಒಂದು ವರ್ಷ ಅದರ ಮೂಲೆಯಲ್ಲಿ ವಾಣಿಜ್ಯ ಮಳಿಗೆ ಎದ್ದಿತು. ಇನ್ನೊಂದು ವರ್ಷ ಕಲ್ಯಾಣಮಂಟಪ ಎದ್ದಿತು. ಉಳಿದ ಜಾಗದಲ್ಲಿ ವಾಹನಗಳು ನಿಂತವು. ಇದನ್ನು ಮಾಡಿದವರು ಹೊರಗಿನವರಲ್ಲ. ಆಡಳಿತ ಮಂಡಳಿಗಳಲ್ಲಿ ಕುಳಿತ ನಮ್ಮವರೇ.

ಆದುದರಿಂದ ಹಳೆಯ ವಿದ್ಯಾರ್ಥಿ ಬಂಧುಗಳೇ, ಈ ಮಾತು ವಿಶೇಷವಾಗಿ ತಮಗೆ. ತಮ್ಮಲ್ಲಿ ಅನೇಕರು ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು. ತುಮಕೂರಿನ ಸಿದ್ಧಗಂಗೆಯಲ್ಲಿ ಪೂಜ್ಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯಗಳನ್ನು ಬೇರೆಬೇರೆಯಾಗಿ ಕಾಣಲಿಲ್ಲ. ಬೆಳಗಾಗುವ ಮುನ್ನ ಎದ್ದು, ಅಂಗಳ ಗುಡಿಸಿ, ನೀರು ಹೊತ್ತು, ಸಾಲಿನಲ್ಲಿ ಕುಳಿತು ಮುದ್ದೆ ಉಂಡ ಹುಡುಗನಿಗೆ ವ್ಯಾಯಾಮ, ಪೌಷ್ಟಿಕತೆಗಳೆಂಬ ಶಬ್ದಗಳು ಗೊತ್ತಿರಲಿಲ್ಲ. ಅವುಗಳ ಫಲ ಮಾತ್ರ ಅವನ ಮೈಯಲ್ಲಿತ್ತು. ಇಂದು ತಾವು ಸ್ಥಿತಿವಂತರಾಗಿ, ಕಲಿತ ಶಾಲೆಗೆ ಏನಾದರೂ ಮಾಡಬೇಕೆಂಬ ಸದ್ಭಾವದಿಂದ ಮಹಾದ್ವಾರ ಕಟ್ಟಿಸುತ್ತೀರಿ, ಅದರ ಮೇಲೆ ಹೆಸರು ಕೆತ್ತಿಸುತ್ತೀರಿ. ಆ ದ್ವಾರ ಯಾವ ಮಗುವಿನ ಎಲುಬನ್ನು ಗಟ್ಟಿ ಮಾಡುತ್ತದೆ?

ದ್ವಾರದ ಬದಲು ಮೈದಾನಕ್ಕೆ ಬೇಲಿ ಹಾಕಿಸಿರಿ. ಕೊಕ್ಕೋ, ಕಬಡ್ಡಿಗಳಿಗೆ ಅಂಕಣ ಮಾಡಿಸಿರಿ. ಅವಕ್ಕೆ ಬೇಕಾದುದು ಸಮತಟ್ಟಾದ ನೆಲ ಮಾತ್ರ. ಬಿಸಿಯೂಟದ ಅಡುಗೆಮನೆಯ ಹಿಂದೆ ನುಗ್ಗೆ, ಕರಿಬೇವು, ಸೊಪ್ಪುಗಳ ಕೈತೋಟ ಬೆಳೆಸಲು ನೀರಿನ ಏರ್ಪಾಡು ಮಾಡಿರಿ. ತಮಿಳುನಾಡು 2022ರಲ್ಲಿ ಶಾಲಾ ಮಕ್ಕಳಿಗೆ ಬೆಳಗಿನ ಉಪಾಹಾರವನ್ನು ಆರಂಭಿಸಿತು. ಬರಿಹೊಟ್ಟೆಯಲ್ಲಿ ಬರುವ ಮಕ್ಕಳಿರುವ ಶಾಲೆಯಲ್ಲಿ ಒಂದು ಬಟ್ಟಲು ರಾಗಿಗಂಜಿಯನ್ನೋ ಹಿಡಿ ಶೇಂಗಾ ಬೆಲ್ಲವನ್ನೋ ಕೊಡಲು ನಾವು ಸರ್ಕಾರದ ಆಜ್ಞೆಗೆ ಕಾಯಬೇಕಾಗಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಫಲಿತಾಂಶದ ಶೇಕಡಾವಾರನ್ನು ಕೇಳುವಾಗ, ಆಟದ ಅವಧಿಗಳು ಎಷ್ಟು ನಡೆದವು, ಎಷ್ಟು ಮಕ್ಕಳ ರಕ್ತಪರೀಕ್ಷೆಯಾಯಿತು ಎಂದೂ ಕೇಳಿರಿ. ಕೇಳುವವರಿದ್ದಾರೆಂದು ತಿಳಿದ ದಿನ ಆ ಅವಧಿ ತಾನಾಗಿ ಮರಳಿ ಬರುತ್ತದೆ.

ಮಗುವಿನ ದೇಹವು ನಾವು ಕಾಯಬೇಕಾದ ಒಡವೆ. ಅದನ್ನು ಸೊರಗಿಸಿ ಅಂಕಗಳನ್ನು ಬೆಳೆಸುವುದು ಬೀಜವನ್ನು ಮಾರಿ ಹೊಲಕ್ಕೆ ಬೇಲಿ ಕಟ್ಟಿದಂತೆ. ನಾಳೆ ತಮ್ಮ ಊರಿನ ಶಾಲೆಯ ಮುಂದೆ ಹಾದುಹೋಗುವಾಗ ಕ್ಷಣಕಾಲ ನಿಂತು ಆಲಿಸಿರಿ. ಮಕ್ಕಳ ಆಟದ ಗದ್ದಲ ಕೇಳಿಸದಿದ್ದರೆ ಒಳಗೆ ಹೋಗಿ ಕಾರಣ ಕೇಳಿರಿ. ಕೇಳುವ ಅಧಿಕಾರ ತಮಗಿದೆ. ಕೇಳುವುದು ತಮ್ಮ ಕರ್ತವ್ಯವೂ ಹೌದು.