ಹಾಡುವವರಿಗಾಗಿ ಕಾಯುವ ಪಿಯಾನೋ

ವಾಷಿಂಗ್ಟನ್ ಸುತ್ತಿನ ‘ಕಾವೇರಿ’ ಇರಲಿ, ಅಟ್ಲಾಂಟಾದ ‘ನೃಪತುಂಗ’ ಇರಲಿ, ಉತ್ತರ ಕೆರೋಲಿನಾದ ‘ಸಂಪಿಗೆ’ ಇರಲಿ, ಚಿತ್ರಗೀತೆಯಿಲ್ಲದೆ ನಮಗೆ ಹಬ್ಬವಿಲ್ಲ. ಹಾಡಲು ಜನರಿದ್ದಾರೆ. ಹಿಮ್ಮೇಳಕ್ಕೆ ಮಾತ್ರ ಸಾಮಾನ್ಯವಾಗಿ ಕರೋಕೆ ಟ್ರ್ಯಾಕ್. ನನ್ನ ತಕರಾರು ಅದರ ಮೇಲೆ: ಹಾಡುವವರು ಉಸಿರಿಗೆ ನಿಂತರೂ ಅದು ನಿಲ್ಲುವುದಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಪಿಯಾನೋ ಇದೆ, ನುಡಿಸುವ ಮಕ್ಕಳೂ ಇದ್ದಾರೆ. ಬೇಥೋವನ್ ಕಲಿತ ಬೆರಳುಗಳಿಗೆ ನಮ್ಮ ಸಂಸಾರದ ಚಿತ್ರಗಳ ಹಾಡುಗಳೇನು ದೂರವಲ್ಲ. ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಎರಡಕ್ಕೂ ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಅವರ ಸಹಾಯಕರಾಗಿ ದುಡಿದಿದ್ದ ಇಳಯರಾಜ 1981ರಲ್ಲಿ ‘ಗೀತಾ’ ಚಿತ್ರಕ್ಕೆ ಸ್ವರ ಹಾಕಿದರು.

ತೊಡಕೆಂದರೆ, ಮಕ್ಕಳು ನೋಡಿ ನುಡಿಸಲು ಈ ಹಾಡುಗಳ ನೊಟೇಶನ್ ಪುಸ್ತಕ ಸುಲಭವಾಗಿ ಸಿಗದು. ನನಗೆ ಆ ತೊಡಕೇ ಲಾಭವಾಗಿ ಕಂಡಿತು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಇಂಗ್ಲಿಷ್ ಕಷ್ಟ, ಮಗಳಿಗೆ ಕನ್ನಡ ತಡವರಿಕೆ. “ಊಟ ಆಯ್ತಾ?” ದಾಟಿ ಮಾತು ಮುಂದೆ ಹೋಗುತ್ತಿರಲಿಲ್ಲ. ‘ಗೀತಾ’ದ ಯುಗಳಗೀತೆ ಕಲಿಯಲು ಕೂತ ಮೇಲೆ “ಅಜ್ಜೀ, ಇನ್ನೊಂದ್ಸಲ ಹಾಡು” ಎಂಬುದು ದಿನವೂ ಕೇಳಿಸತೊಡಗಿತು. ವಾರ ಕಳೆಯುವುದರೊಳಗೆ ಪದಗಳ ಅರ್ಥ ಕೇಳಿದಳು. ಆಮೇಲೆ ಅಜ್ಜಿ ಆ ಸಿನಿಮಾ ಯಾರ ಜೊತೆ ನೋಡಿದರು ಎಂದೂ ಕೇಳಿದಳು!

ಒಂದು ಕಿವಿಮಾತು. ಪಿಯಾನೋದ 88 ಕೀಲಿಗಳಲ್ಲಿ ಒಂದೊಂದಕ್ಕೂ ಒಂದೊಂದೇ ಸ್ವರ. ಗಮಕದ ಜಾರು ಅದರಲ್ಲಿ ಬರುವುದಿಲ್ಲ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಹಾಡಿದ ‘ಸಂಧ್ಯಾರಾಗ’ದಂಥ (1966) ರಾಗಪ್ರಧಾನ ಹಾಡುಗಳಲ್ಲಿ ಇದು ಎದ್ದು ಕಾಣುತ್ತದೆ. ಆದ್ದರಿಂದ ರಾಗದ ಎಳೆ ಗಾಯಕರಿಗಿರಲಿ, ಪಿಯಾನೋ ಸ್ವರಮೇಳ ಹಿಡಿದು ಆಸರೆ ಕೊಡಲಿ. ಹಿರಿಯರ ಶ್ರುತಿ ತಗ್ಗಿದ್ದರೆ ಡಿಜಿಟಲ್ ಪಿಯಾನೋದಲ್ಲಿ ಒಂದು ಗುಂಡಿ ಒತ್ತಿ ಇಳಿಸಬಹುದು.

ನನ್ನ ಸಲಹೆ ಇಷ್ಟೇ. ಮೂರೂ ಕೂಟಗಳ ಮಕ್ಕಳು ನುಡಿಸುವ, ಹಿರಿಯರು ಅತಿಥಿ ಗಾಯಕರಾಗುವ ಒಂದು ಪಿಯಾನೋ ಸಂಜೆ ನಡೆಯಲಿ. ಅಟ್ಲಾಂಟಾದಿಂದ 85ನೇ ಹೆದ್ದಾರಿ ಷಾರ್ಲೆಟ್, ಡರ್ಹಮ್ ಹಾದು ಪೀಟರ್ಸ್‌ಬರ್ಗ್‌ನಲ್ಲಿ 95ಕ್ಕೆ ಸೇರುತ್ತದೆ. ಅಲ್ಲಿಂದ ವಾಷಿಂಗ್ಟನ್. ಕೆರೋಲಿನಾದಲ್ಲಿ ಸೇರಿದರೆ ಯಾರಿಗೂ ಪೂರ್ತಿ ದಾರಿಯ ದಣಿವಿಲ್ಲ. ಊರಿನಿಂದ ಬಂದ ಹಿರಿಯರು ಹೊರಡುವ ಮುಂಚೆ ಪ್ರತಿ ಮನೆಯಲ್ಲೂ ಒಂದು ಹಾಡು ಸಿದ್ಧವಾಗಲಿ.